ಚಿತ್ರದೊಳಗೆ ನಾವು

ನಮ್ಮ ಕೇರಿಗೆ ಗೊತ್ತಿದ್ದ ಬಣ್ಣ ಎರಡೇ. ಒಂದು ಸುಣ್ಣ, ಇನ್ನೊಂದು ಕೆಮ್ಮಣ್ಣು. ಯುಗಾದಿ ಹತ್ತಿರ ಬಂತೆಂದರೆ ನಮ್ಮಜ್ಜಿ ಊರೊಳಗಿನ ದೊಡ್ಡ ಮನೆಗಳಿಗೆ ಸುಣ್ಣ ಬಳಿಯೋಕೆ ಹೋಗುತ್ತಿದ್ದಳು. ಹೊರಗೋಡೆ, ಜಗಲಿಯ ಅಂಚು, ಕೊಟ್ಟಿಗೆ, ಇಷ್ಟು ಆಕೆಯ ಪಾಲಿನದು. ಒಳಗೋಡೆಗೆ ಬೇರೆ ಜಾತಿಯ ಕೈ ಬೇಕಿತ್ತು. ನಲವತ್ತು ವರ್ಷ ಸುಣ್ಣ ಬಳಿದ ಮನೆಯ ನಡುಮನೆ ಯಾವ ಬಣ್ಣದ್ದು ಅಂತ ಕೇಳಿದರೆ ನಮ್ಮಜ್ಜಿ ಇವತ್ತಿಗೂ ಹೇಳಲಾರಳು. ಸಂಜೆಗೆ ಕೂಲಿ ರಾಗಿ. ಆಕೆ ಮೊರ ಹಿಡಿದು ಕೆಳಗೆ ನಿಲ್ಲಬೇಕು, ಅವರು ಮೇಲಿನಿಂದ ಸುರಿಯುತ್ತಾರೆ. ಸುಣ್ಣ ತಿಂದ ಬೆರಳ ಸಂದಿ ತಿಂಗಳಾದರೂ ಮಾಯುತ್ತಿರಲಿಲ್ಲ.

ಕೇರಿಗೆ ಮೂರನೇ ಬಣ್ಣ ತಂದವನು ನಮ್ಮಣ್ಣ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಪಟ್ಟಣದಲ್ಲಿ ಬೋರ್ಡು ಬರೆಯುವ ಪೇಂಟರೊಬ್ಬರ ಹತ್ತಿರ ಬ್ರಶ್ಶು ತೊಳೆಯೋಕೆ ಸೇರಿದ. ಮೂರು ವರ್ಷಕ್ಕೆ ಅಕ್ಷರ ಕೈಗೆ ಬಂತು, ಐದು ವರ್ಷಕ್ಕೆ ಮುಖ ಬಂತು. ಒಂದು ಏಪ್ರಿಲ್ 14ರ ಹಿಂದಿನ ರಾತ್ರಿ, ಬೀದಿದೀಪದ ಬೆಳಕಿನಲ್ಲಿ, ಸಮುದಾಯ ಭವನದ ಗೋಡೆ ಮೇಲೆ ಬಾಬಾಸಾಹೇಬರನ್ನು ಬರೆದ. ನೀಲಿ ಕೋಟು, ಕೆಂಪು ಟೈ, ಕೈಯಲ್ಲಿ ಪುಸ್ತಕ. ಕೊನೆಗೆ ಕನ್ನಡಕದ ಗಾಜಿಗೆ ಒಂದೊಂದು ಬಿಳಿ ಚುಕ್ಕೆ ಇಟ್ಟ. ಇಟ್ಟಕೂಡಲೇ ಗೋಡೆ ನಮ್ಮನ್ನು ನೋಡೋಕೆ ಶುರುಮಾಡಿತು. ಆಮೇಲೆ ಫ್ಲೆಕ್ಸ್ ಬಂತು, ಬೋರ್ಡಿನ ಕೆಲಸ ಹೋಯಿತು. ಈಗ ಅಣ್ಣ ಮನೆಗಳಿಗೆ ಪೇಂಟ್ ಹೊಡೆಯುತ್ತಾನೆ. ಆಟೋದವರು ಯಾರಾದರೂ ಮಗಳ ಹೆಸರು ಬರೆಸಿದರೆ ಅವತ್ತು ಅವನಿಗೆ ಹಬ್ಬ. ಒಂದು ಮಾತು ಹೇಳಬೇಕು, ಅಜ್ಜಿ ಕಾಣದ ನಡುಮನೆಗಳ ಒಳಗೋಡೆಗೆ ಇವತ್ತು ಬಣ್ಣ ಹೊಡೆಯುತ್ತಿರುವವನು ಅವನೇ. ಕಾಲ ಅಷ್ಟು ಸರಿದಿದೆ. ನೀರು ಮಾತ್ರ ಇನ್ನೂ ಬಾಟಲಿಯಲ್ಲಿ ಮನೆಯಿಂದ ಒಯ್ಯುತ್ತಾನೆ. ಯಾಕೆಂದು ನಾವೂ ಕೇಳಿಲ್ಲ, ಅವನೂ ಹೇಳಿಲ್ಲ.

ಕನ್ನಡದಲ್ಲಿ ಪದ್ಯವನ್ನೂ ಬರೆಯುತ್ತಾರೆ, ಚಿತ್ರವನ್ನೂ ಬರೆಯುತ್ತಾರೆ. ಎರಡಕ್ಕೂ ಒಂದೇ ಮಾತು. ಮನೆಯಲ್ಲಿ ಡಿಗ್ರಿ ಕಂಡ ಮೊದಲ ತಲೆ ನಮ್ಮದು, ಬರೆಯುವ ಮೊದಲ ಕೈಯೂ ನಮ್ಮದೇ ಎಂಬ ಜಂಭ ನಮಗಿತ್ತು. ನಮಗಿಂತ ಮೊದಲು ಬರೆದವನು ಅಣ್ಣ ಅನ್ನೋದು ಹೊಳೆಯೋಕೆ ತಡವಾಯಿತು. ಹೊಳೆದ ಬಗೆಯನ್ನು ಹೇಳಬೇಕಾದರೆ ಒಂದಿಷ್ಟು ಹೊತ್ತು ಬಂಗಾಳಕ್ಕೆ ಹೋಗಿ ಬರಬೇಕು ಗೆಳೆಯರೆ.

ನಾವು ಮೈಸೂರಿನ ಹಾಸ್ಟೆಲಿನಲ್ಲಿದ್ದಾಗ ಸಂಘಟನೆಯ ಹಿರಿಯ ಗೆಳೆಯರೊಬ್ಬರು ಒಂದು ದಿನ ಜೆರಾಕ್ಸ್ ಹಾಳೆಗಳ ಕಟ್ಟು ತಂದು ಮಂಚದ ಮೇಲೆ ಹಾಕಿದರು. "ಪದ್ಯ ಬರೀತೀರಲ್ಲ, ಇದನ್ನೊಂದಿಷ್ಟು ನೋಡಿ" ಅಂದರು. ಕರಿ ಶಾಯಿಯ ಚಿತ್ರಗಳು. ಮೂಳೆ, ಖಾಲಿ ಪಾತ್ರೆ, ನೆಲಕ್ಕೆ ಬಿದ್ದ ಗಂಡಸು, ಅವನ ಪಕ್ಕದಲ್ಲಿ ಕಾದು ಕೂತ ನಾಯಿ. ಬರೆದವನ ಹೆಸರು ಚಿತ್ತಪ್ರಸಾದ್. 1915ರಲ್ಲಿ ಹುಟ್ಟಿದ ಬಂಗಾಳಿ ಬ್ರಾಹ್ಮಣ, ಮನೆತನದ ಹೆಸರು ಭಟ್ಟಾಚಾರ್ಯ. ಜಾತಿಯ ಮೇಲಿನ ಸಿಟ್ಟಿಗೆ ಆ ಬಾಲವನ್ನು ತಾನೇ ಕಿತ್ತು ಹಾಕಿಕೊಂಡವನು. ಹೆಸರಿನ ಬಾಲ ಕಿತ್ತವರೆಲ್ಲ ಮನಸ್ಸಿನ ಬಾಲವನ್ನೂ ಕಿತ್ತಿರುತ್ತಾರೆ ಅಂತ ನಾವು ನಂಬುವವರಲ್ಲ. ಅಂಥವರನ್ನು ಬೇಕಾದಷ್ಟು ನೋಡಿದ್ದೇವೆ. ಆದರೆ ಈತ 1943ರ ನವೆಂಬರಿನಲ್ಲಿ ಮಿಡ್ನಾಪುರ ಜಿಲ್ಲೆಯ ಹಳ್ಳಿಗಳಲ್ಲಿ ಕಾಲ್ನಡಿಗೆಯಲ್ಲಿ ಸುತ್ತಿದವನು. ಆಗ ಅವನಿಗೆ ಇಪ್ಪತ್ತೆಂಟು ವರ್ಷ. ಯಾವ ಕಲಾಶಾಲೆಯಲ್ಲೂ ಕಲಿತವನಲ್ಲ. ಕಮ್ಯುನಿಸ್ಟ್ ಪಕ್ಷದ ಪತ್ರಿಕೆಗೆ ವರದಿಯನ್ನೂ ಚಿತ್ರವನ್ನೂ ಕಳಿಸುತ್ತಿದ್ದ.

ಮಿಡ್ನಾಪುರದಲ್ಲಿ ಆಗಿದ್ದೇನು? 1942ರ ಮೊದಲರ್ಧದಲ್ಲಿ ಬರ್ಮಾ ಜಪಾನಿಗೆ ಬಿತ್ತು, ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಜಪಾನಿನವರು ಬಂದರೆ ಅವರ ಕೈಗೆ ಸಿಗಬಾರದೆಂದು ಬ್ರಿಟಿಷ್ ಸರ್ಕಾರ ಕರಾವಳಿ ಜಿಲ್ಲೆಗಳಿಂದ ಅಕ್ಕಿ ಎತ್ತಿಸಿತು. ಹತ್ತು ಜನರಿಗಿಂತ ಹೆಚ್ಚು ಹೊರುವ ದೋಣಿಗಳನ್ನು ಸಾವಿರಗಟ್ಟಲೆ ವಶಮಾಡಿಕೊಂಡಿತು, ಒಡೆಯಿತು. ಆ ನಾಡಿನಲ್ಲಿ ದೋಣಿಯೇ ಎತ್ತಿನಗಾಡಿ, ದೋಣಿಯೇ ಅನ್ನ. ಮೇಲಿಂದ 1942ರ ಅಕ್ಟೋಬರ್ 16ರ ಚಂಡಮಾರುತ ಮಿಡ್ನಾಪುರದ ಮೇಲೇ ಬಿತ್ತು. ಯುದ್ಧದ ದುಡ್ಡು ಬಜಾರಿಗೆ ಹರಿದು ಬೆಲೆ ಏರಿತು, ಇದ್ದವರು ಅಕ್ಕಿಯನ್ನು ಬಚ್ಚಿಟ್ಟರು. ಕ್ಷಾಮ ಎಂದು ಸರ್ಕಾರ ಘೋಷಿಸಲೇ ಇಲ್ಲ. ಘೋಷಿಸಿದರೆ ಕಾನೂನಿನಂತೆ ಪರಿಹಾರ ಕೊಡಬೇಕಲ್ಲ! ಸತ್ತವರು 15 ಲಕ್ಷ ಎಂದು 1945ರ ಸರ್ಕಾರಿ ಆಯೋಗ ಲೆಕ್ಕ ಹಾಕಿತು. ಆಮೇಲಿನ ಸಂಶೋಧಕರ ಲೆಕ್ಕ 20ರಿಂದ 30 ಲಕ್ಷ. ಸತ್ತವರು ಯಾರು ಅಂತ ನೋಡಿ. 1981ರಲ್ಲಿ ಅಮರ್ತ್ಯ ಸೇನ್ ಬರೆದ ಪುಸ್ತಕ ಅದನ್ನು ಲೆಕ್ಕ ಸಮೇತ ತೋರಿಸಿತು. ಹೆಚ್ಚು ಸತ್ತವರು ಹೊಲಗೂಲಿಗಳು, ಮೀನು ಹಿಡಿಯುವವರು, ದೋಣಿ ನಡೆಸುವವರು. ನಾಡಿನಲ್ಲಿ ಅಕ್ಕಿ ಪೂರ್ತಿ ಇಲ್ಲವಾಗಿರಲಿಲ್ಲ. ಇವರ ಕೂಲಿಗೆ ಅದು ಎಟುಕುತ್ತಿರಲಿಲ್ಲ. ಭೂಮಿ ಇಲ್ಲದವರು ಅಂದಮೇಲೆ ಅವರಲ್ಲಿ ಹೆಚ್ಚಿನವರು ಯಾವ ಜಾತಿಗಳವರು ಎಂದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಚಿತ್ತಪ್ರಸಾದನ ಪ್ರವಾಸದ ಬರಹ ಮತ್ತು ಚಿತ್ರ ಸೇರಿ 'ಹಂಗ್ರಿ ಬೆಂಗಾಲ್' ಎಂಬ ಪುಟ್ಟ ಪುಸ್ತಕವಾಯಿತು. ಅಚ್ಚಾದದ್ದು 5,000 ಪ್ರತಿ. ಬ್ರಿಟಿಷರು ಅದನ್ನು ಹಿಡಿದು ನಾಶಮಾಡಿದರು. ಮನೆಯವರ ಬಳಿ ಜೋಪಾನವಾಗಿ ಉಳಿದಿದ್ದ ಒಂದು ಪ್ರತಿಯಿಂದ 2011ರಲ್ಲಿ ದೆಹಲಿಯ ಗ್ಯಾಲರಿಯೊಂದು ಮತ್ತೆ ಅಚ್ಚು ಹಾಕಿಸಿತು. ನಮ್ಮ ಮಂಚದ ಮೇಲೆ ಬಿದ್ದ ಜೆರಾಕ್ಸು ಅದರ ಮೊಮ್ಮಗುವೋ ಮರಿಮಗುವೋ ಇರಬೇಕು. ಜೆರಾಕ್ಸಿನಲ್ಲಿ ಚಿತ್ರ ಕೆಡಲಿಲ್ಲ ಅನ್ನೋದು ನಮಗೆ ದೊಡ್ಡ ಸಂಗತಿಯಾಗಿ ಕಂಡಿತು. ಅಗ್ಗದ ಕಾಗದದಲ್ಲಿ ಅಚ್ಚಾಗಿ ಕೂಲಿಯವನ ಕೈಗೂ ಹೋಗಲಿ ಅಂತಲೇ ದಪ್ಪ ಕರಿಗೆರೆಯಲ್ಲಿ ಬರೆದ ಚಿತ್ರ ಅದು. ಎಣ್ಣೆಬಣ್ಣದ ಚಿತ್ರವನ್ನು ಜೆರಾಕ್ಸ್ ಮಾಡಿ ನೋಡಿ, ಮಸಿ ಮೆತ್ತಿದ ಹಾಗಿರುತ್ತದೆ.

ಹಾಳೆಗಳನ್ನು ಹಾಸ್ಟೆಲಿನ ಗೋಡೆಗೆ ಅನ್ನದ ಗಂಜಿಯಲ್ಲೇ ಅಂಟಿಸಿದೆವು. ಅನ್ನ ಇಲ್ಲದವರನ್ನು ಅನ್ನದಿಂದ ಅಂಟಿಸಿದ್ದು ಆಗ ತೋಚಲಿಲ್ಲ, ಆಮೇಲೆ ನೆನೆದು ನಾಚಿಕೆಯಾಯಿತು.

ಕಣ್ಣಿನ ಆಸ್ಪತ್ರೆಗೆಂದು ಬಂದ ಅಜ್ಜಿ ಬಸ್ಸಿನ ಹೊತ್ತಾಗುವವರೆಗೆ ನಮ್ಮ ರೂಮಿನಲ್ಲಿ ಕುಂತಿದ್ದಳು. ಗೋಡೆಯನ್ನೇ ನೋಡಿದಳು. ಎದ್ದು ಹತ್ತಿರ ಹೋಗಿ ಮತ್ತೆ ನೋಡಿದಳು.

"ಇವ್ರು ಯಾವೂರೋರ್ಲಾ?"

"ಬಂಗಾಳ ಅಂತ ಅಜ್ಜಿ. ದೂರ. ಎಂಬತ್ತು ವರ್ಷದ ಹಿಂದಿನ ಮಾತು."

"ದೂರ ಏನ್ಲಾ ದೂರ. ದಾತು ಈಸ್ವರದ ಬರ್ದಲ್ಲಿ ನಮ್ಮೋರೂ ಹಿಂಗೇ ಹೋದ್ರಂತೆ. ಹುಣ್ಸೆಬೀಜ ಹುರ್ದು ನೆನೆಹಾಕಿ ತಿಂದೋರು ಉಳ್ಕಂಡ್ರಂತೆ." ಆಮೇಲೆ ಚಿತ್ರದ ಕೈಯನ್ನು ಬೆರಳಲ್ಲಿ ಮುಟ್ಟಿ ಹೇಳಿದಳು: "ಹೊಟ್ಟೆ ಬತ್ತುದ್ರೆ ಮೊದ್ಲು ಕೈ ಹಿಂಗಾಯ್ತದೆ ಕಣ್ಲಾ, ಬೆರಳು ದೊಡ್ಡವಾಗಿ ಕಾಣ್ತವೆ. ಇವ್ನು ಪಕ್ಕದಲ್ಲಿ ಕುಂತು ಬರ್ದವ್ನೆ."

ಅಕ್ಷರ ಬಾರದ ಹೆಂಗಸು ಮಾಡಿದ ವಿಮರ್ಶೆ ಇದು. ಕಲೆಯ ಮೇಲೆ ನಾವು ಓದಿದ ಯಾವ ಪುಸ್ತಕದಲ್ಲೂ ಇಷ್ಟು ಸರಿಯಾದ ಮಾತು ಸಿಕ್ಕಿಲ್ಲ.

ಅಜ್ಜಿ ಹೇಳಿದ ಬರ ಧಾತು, ಈಶ್ವರ ಸಂವತ್ಸರಗಳದ್ದು, 1876ರಿಂದ 78ರವರೆಗಿನದು. ಮೈಸೂರು ಸಂಸ್ಥಾನದಲ್ಲಿ ಐದರಲ್ಲಿ ಒಂದು ಪಾಲು ಜನ ಅಳಿದುಹೋದರು. ಅದೇ ಬರ ಮದ್ರಾಸು ಪ್ರಾಂತ್ಯವನ್ನೂ ತಿಂದಿತು. ಅಲ್ಲಿ ಹೂಪರ್ ಎಂಬ ಬ್ರಿಟಿಷ್ ಸೈನ್ಯದ ಅಧಿಕಾರಿ ಕ್ಯಾಮೆರಾ ಹಿಡಿದು ಹೊರಟ. ಎಲುಬಿನ ಗೂಡಾದ ಜನರನ್ನು ಗುಂಪುಗುಂಪಾಗಿ ಕೂರಿಸಿ, ಮಲಗಿಸಿ ಫೋಟೋ ತೆಗೆದ. ಕೂರೋಕೂ ತ್ರಾಣವಿಲ್ಲದವರನ್ನು ಫೋಟೋಕ್ಕಾಗಿ ಸಾಲಾಗಿ ಜೋಡಿಸಿದ. ಫೋಟೋ ತೆಗೆದು ಅವರಿಗೆ ಅನ್ನ ಕೊಡದೆ ಕಳಿಸಿದನೆಂದು ಇಂಗ್ಲೆಂಡಿನ ಪತ್ರಿಕೆಯೇ ಅವನನ್ನು ಗೇಲಿ ಮಾಡಿತು. ಆ ಫೋಟೋಗಳಲ್ಲಿ ಯಾರಿಗೂ ಹೆಸರಿಲ್ಲ. ಹಸಿವು ಅಲ್ಲಿಯೂ ಇದೆ, ಮೂಳೆ ಅಲ್ಲಿಯೂ ಇದೆ. ಚಿತ್ತಪ್ರಸಾದ್ ತನ್ನ ಎಷ್ಟೋ ಚಿತ್ರಗಳ ಕೆಳಗೆ ಆ ಮನುಷ್ಯನ ಹೆಸರು ಬರೆದ, ಊರು ಬರೆದ, ಏನು ಕೆಲಸ ಮಾಡುತ್ತಿದ್ದ, ಮನೆಯವರು ಏನಾದರು ಅಂತ ಬರೆದ. ಸರ್ಕಾರಕ್ಕೆ ಸಿಟ್ಟು ಬಂದದ್ದು ಚಿತ್ರಕ್ಕಿಂತ ಹೆಚ್ಚಾಗಿ ಈ ಹೆಸರುಗಳಿಗೇ ಇರಬೇಕೆಂದು ನಮ್ಮ ಗುಮಾನಿ. ಹೆಸರಿಲ್ಲದ ಹೆಣಕ್ಕೆ ಯಾರೂ ಉತ್ತರ ಕೊಡಬೇಕಾಗಿಲ್ಲ. ಹೆಸರು ಬಿತ್ತೆಂದರೆ ಕೊಂದವನ ಹೆಸರನ್ನೂ ಕೇಳುತ್ತಾರೆ.

ಅದೇ ವರ್ಷ ಕಲ್ಕತ್ತೆಯ ಬೀದಿಗಳಲ್ಲಿ ಇನ್ನೊಬ್ಬ ಬರೆಯುತ್ತಿದ್ದ. ಜೈನುಲ್ ಅಬೇದಿನ್, ಮೈಮನ್‌ಸಿಂಗ್ ಕಡೆಯ ಮುಸ್ಲಿಂ ಹುಡುಗ, ಸರ್ಕಾರಿ ಕಲಾಶಾಲೆಯಲ್ಲಿ ಮೇಷ್ಟ್ರು. ಯುದ್ಧಕಾಲದಲ್ಲಿ ಒಳ್ಳೆ ಕಾಗದ ಎಲ್ಲಿ? ಸಾಮಾನು ಕಟ್ಟುವ ಅಗ್ಗದ ಕಾಗದದ ಮೇಲೆ, ಒಣ ಬ್ರಶ್ಶಿನಲ್ಲಿ, ಕರಿ ಶಾಯಿಯಲ್ಲಿ ಬರೆದ. ಅವನ ಚಿತ್ರಗಳಲ್ಲಿ ಕಾಗೆಗಳಿವೆ. ಕಾಗೆಯೂ ಮನುಷ್ಯನೂ ಒಂದೇ ಕಸದ ತೊಟ್ಟಿಯ ಮುಂದೆ; ಕಾಗೆ ಮಾತ್ರ ಕೊಬ್ಬಿದೆ. ಹಿಂದೆ ಮನೆಯಿಲ್ಲ, ಮರವಿಲ್ಲ, ಕಂದು ಕಾಗದ ಬರಿದೇ ಉಳಿದಿದೆ. ಈತನೇ ಮುಂದೆ 1948ರಲ್ಲಿ ಢಾಕಾದಲ್ಲಿ ಕಲಾಶಾಲೆ ಕಟ್ಟಿದ. 1970ರ ಚಂಡಮಾರುತದಲ್ಲಿ ಜನ ಸತ್ತಾಗ, ಆ ವಯಸ್ಸಿನಲ್ಲೂ, ಮನ್‌ಪುರ ದ್ವೀಪದ ಹೆಣಗಳನ್ನು ಉದ್ದನೆಯ ಸುರುಳಿ ಕಾಗದದ ಮೇಲೆ ಬರೆದ.

ಚಿತ್ತಪ್ರಸಾದನ ಜೊತೆ ತಿರುಗಿ ಹಸಿದವರನ್ನು ಬರೆಯೋದು ಕಲಿತ ಹುಡುಗ ಸೋಮನಾಥ ಹೋರ್. 1943ರಲ್ಲಿ ಅವನಿಗೆ ಇಪ್ಪತ್ತೆರಡು. 1946ರ ಡಿಸೆಂಬರಿನಲ್ಲಿ ರಂಗಪುರದ ಗೇಣಿ ರೈತರು ಬೆಳೆಯಲ್ಲಿ ಮೂರರಲ್ಲಿ ಎರಡು ಪಾಲು ನಮಗೆ ಅಂತ ಎದ್ದು ನಿಂತಾಗ ಅಲ್ಲಿಗೆ ಹೋಗಿ ದಿನಚರಿ ಬರೆದ, ಜೊತೆಗೆ ಚಿತ್ರವನ್ನೂ ಬರೆದ. ತೇಭಾಗಾ ಚಳವಳಿ ಅಂತ ಅದರ ಹೆಸರು. ಆ ಚಿತ್ರಗಳಲ್ಲಿ ಜನ ಸಾಯುತ್ತಿಲ್ಲ. ಸಭೆ ಸೇರಿದ್ದಾರೆ, ಭತ್ತ ಹೊರುತ್ತಿದ್ದಾರೆ. ಮೂರು ವರ್ಷದ ಹಿಂದೆ ನೆಲಕ್ಕೆ ಬಿದ್ದಿದ್ದ ಜನ ಎದ್ದು ಕುಂತದ್ದನ್ನು ಕಂಡ ಹಾಗೆ ನಮಗಾಯಿತು. ಆದರೆ ಸೋಮನಾಥ ಹೋರ್‌ಗೆ ಆ ಕ್ಷಾಮ ಕೊನೆಯವರೆಗೂ ಬಿಡಲಿಲ್ಲ. 1971ರಿಂದ ಅವರು 'ಗಾಯ' ಎಂಬ ಒಂದು ಮಾಲಿಕೆ ಮಾಡಿದರು. ಬಣ್ಣವಿಲ್ಲ, ಮನುಷ್ಯನೂ ಇಲ್ಲ. ಮಣ್ಣಿನ ಹಲಗೆಯನ್ನು ಚಾಕುವಿನಿಂದ ಸೀಳಿ, ಸುಟ್ಟು, ಅದರಿಂದ ಅಚ್ಚು ತೆಗೆದು, ಕಾಗದದ ತಿರುಳನ್ನು ಅದರಲ್ಲಿ ಒತ್ತಿ ತೆಗೆದದ್ದು. ಬಿಳಿ ಕಾಗದದ ಮೈಮೇಲೆ ಬಿಳಿ ಗಾಯ. ಫೋನಿನಲ್ಲಿ ಅದರ ಚಿತ್ರ ನೋಡಿದಾಗ ನಮಗೆ ನೆನಪಾದದ್ದು ಸುಣ್ಣ ತಿಂದ ಅಜ್ಜಿಯ ಬೆರಳ ಸಂದಿ. ಅದೂ ಬಿಳಿ ಗಾಯವೇ.

ಇಷ್ಟೆಲ್ಲ ತಲೆಗೆ ಹತ್ತಿದ ಮೇಲೆ ನಾವು ಒಂದು ಕಟ್ಟಳೆ ಮಾಡಿಕೊಂಡೆವು: ಪಕ್ಕದಲ್ಲಿ ಕುಂತು ನೋಡದವನು ನೋವನ್ನು ಬರೆಯಕೂಡದು. ಆ ಕಟ್ಟಳೆಯನ್ನು ಕಂಕುಳಲ್ಲಿಟ್ಟುಕೊಂಡೇ ಪಟ್ಟಣದ ಒಂದು ಚಿತ್ರಪ್ರದರ್ಶನಕ್ಕೆ ಹೋದೆವು. ತಣ್ಣಗಿನ ಹಾಲು, ಮೆತ್ತಗಿನ ದೀಪ. ಒಂದು ಚಿತ್ರದಲ್ಲಿ ಸೌದೆ ಹೊತ್ತ ಹೆಂಗಸು. ಕಪ್ಪು ಮೈ, ಬೆವರು ಚಿನ್ನದ ಹನಿಯ ಹಾಗೆ ಹೊಳೆಯುತ್ತಿದೆ. ಸೀರೆ ಹರಿದಿದೆ, ಹರಿದ ಜಾಗವನ್ನು ಬಹಳ ಇಷ್ಟಪಟ್ಟು ಬರೆದಂತಿದೆ. ಕಣ್ಣು ಕೆಳಗೆ. ಪಕ್ಕದ ಚೀಟಿಯಲ್ಲಿ ಬೆಲೆ: ನಮ್ಮಪ್ಪನ ಮೂರು ವರ್ಷದ ಕೂಲಿ. ಸೌದೆ ಹೊರುವವರು ಕಣ್ಣು ಕೆಳಗೆ ಹಾಕಿ ನಡೆಯೋದಿಲ್ಲ ಸ್ವಾಮಿ, ಮುಂದೆ ಮುಳ್ಳಿದೆಯೋ ಗಾರ್ಡಿದ್ದಾನೋ ಅಂತ ನೋಡುತ್ತಾ ನಡೆಯುತ್ತಾರೆ. ನಮ್ಮವ್ವನ ಕುತ್ತಿಗೆ ಸೌದೆ ಹೊರೆಯ ಕೆಳಗೆ ಕಂಬದ ಹಾಗೆ ನೆಟ್ಟಗಿರುತ್ತಿತ್ತು. ಬಂದವರು ಚಿತ್ರದ ಮುಂದೆ ನಿಂತು "ಎಂಥ ಬೆಳಕು" ಅನ್ನುತ್ತಿದ್ದರು.

ನಾವು ಸಿಟ್ಟಿನಿಂದ ಹೊರಗೆ ಬಂದು ಗೆಳೆಯರ ಮುಂದೆ ಭಾಷಣ ಮಾಡಿದೆವು. ಒಬ್ಬ ಗೆಳೆಯ ಕೇಳಿದ: "1937ರ ಏಪ್ರಿಲ್‌ನಲ್ಲಿ ಗೆರ್ನಿಕಾ ಊರಿನ ಮೇಲೆ ಬಾಂಬು ಬಿದ್ದಾಗ ಪಿಕಾಸೊ ಎಲ್ಲಿದ್ದ? ಪ್ಯಾರಿಸ್‌ನಲ್ಲಿ. ಪೇಪರಿನಲ್ಲಿ ಓದಿ ಬರೆದ. ಅದನ್ನೇನು ಮಾಡ್ತೀಯ?" ಉತ್ತರ ಇರಲಿಲ್ಲ. ಜರ್ಮನಿಯ ಕೇಟೆ ಕೋಲ್ವಿಟ್ಸ್‌ಳನ್ನು ಹಿಡಿದುಕೊಂಡೆವು. ಆಕೆಯ ಗಂಡ ಬರ್ಲಿನ್ನಿನ ಕೂಲಿಕಾರರ ಬಡಾವಣೆಯಲ್ಲಿ ಡಾಕ್ಟರು. ಅವನ ಹತ್ತಿರ ಬರುತ್ತಿದ್ದ ಹೆಂಗಸರನ್ನೇ ನೋಡಿ ಬರೆದಾಕೆ. ಬಂಡೆದ್ದ ನೇಕಾರರ ಬಗ್ಗೆ ಆಕೆ ಮಾಡಿದ ಚಿತ್ರಮಾಲಿಕೆಗೆ 1898ರಲ್ಲಿ ಚಿನ್ನದ ಪದಕ ಕೊಡಬೇಕೆಂದು ಶಿಫಾರಸು ಹೋದರೆ ಅಲ್ಲಿಯ ಚಕ್ರವರ್ತಿ ಒಪ್ಪಲಿಲ್ಲ. ಆದರೆ ಆಕೆಯ ಬಗ್ಗೆ ಓದುತ್ತಾ ಹೋದಾಗ ನಮ್ಮ ಕಟ್ಟಳೆ ಇನ್ನೊಂದು ಕಡೆ ಬಿರುಕು ಬಿಟ್ಟಿತು. ಕೂಲಿಯವರನ್ನು ಬರೆಯೋಕೆ ಶುರುಮಾಡಿದ್ದು ಕನಿಕರದಿಂದಲ್ಲ, ಅವರು ತನಗೆ ಚೆಲುವಾಗಿ ಕಂಡರು, ಕನಿಕರವೂ ಸಿಟ್ಟೂ ಆಮೇಲೆ ಬಂದವು ಅಂತ ಆಕೆಯೇ ಹೇಳಿಕೊಂಡಿದ್ದಾಳೆ. ಚೆಲುವು! ಆ ಪ್ರದರ್ಶನದ ಚಿತ್ರಕಾರನನ್ನು ನಾವು ಬೈದದ್ದೂ ಚೆಲುವು ಮಾಡಿದ ಅಂತಲೇ. ಹಾಗಾದರೆ ಎಡವಿದ್ದು ಎಲ್ಲಿ? ತುಂಬಾ ದಿನ ಇದು ತಲೆಯಲ್ಲಿ ಕೊರೆಯುತ್ತಿತ್ತು.

ನಮ್ಮವರೇ ಬ್ರಶ್ಶು ಹಿಡಿದಾಗ ಏನಾಗುತ್ತದೆ ಅಂತಲೂ ಹುಡುಕಿದೆವು. 1961ರಲ್ಲಿ ನಾಗಪುರದಲ್ಲಿ ಹುಟ್ಟಿದ ಸವಿ ಸಾವರ್ಕರ್ ದಲಿತ ಚಿತ್ರಕಾರರು, ದೆಹಲಿಯ ಕಲಾ ಕಾಲೇಜಿನಲ್ಲಿ ಪಾಠ ಮಾಡಿದವರು. ಪೇಶ್ವೆಯರ ಪುಣೆಯಲ್ಲಿ ಅಸ್ಪೃಶ್ಯರು ಉಗುಳಲು ಕೊರಳಿಗೆ ಮಡಕೆ, ಹೆಜ್ಜೆ ಅಳಿಸಲು ಸೊಂಟಕ್ಕೆ ಪೊರಕೆ ಕಟ್ಟಿಕೊಂಡು ನಡೆಯಬೇಕಿತ್ತಲ್ಲ, ಆ ಮನುಷ್ಯನನ್ನು ಮತ್ತೆ ಮತ್ತೆ ಬರೆದರು. ದೇವದಾಸಿಯರನ್ನು ಬರೆದರು. ಅಲ್ಲಿ ಬೆವರು ಹೊಳೆಯುವುದಿಲ್ಲ. ಚಿತ್ರ ನಿಮ್ಮನ್ನು ನೋಡುತ್ತದೆ, ನೋಡಿದರೆ ನೀವು ಕಣ್ಣು ತಪ್ಪಿಸಬೇಕಾಗುತ್ತದೆ. ಅಣ್ಣನ ಕನ್ನಡಕದ ಚುಕ್ಕೆ ನಮಗೆ ಅರ್ಥವಾದದ್ದು ಆಗಲೇ.

ಈಗ ನಮ್ಮ ತಪ್ಪಿಗೆ ಬರೋಣ. ಇಲ್ಲಿಯವರೆಗೆ ಬೇರೆಯವರ ತಪ್ಪು ಹೇಳಿದ್ದಾಯಿತು.

ಎರಡು ವರ್ಷದ ಹಿಂದೆ ನಮ್ಮ ಕೇರಿಯ ಒಬ್ಬ ಪಟ್ಟಣದಲ್ಲಿ ಮ್ಯಾನ್‌ಹೋಲಿಗೆ ಇಳಿದು ಸತ್ತ. ನಮ್ಮ ಮನೆಯಿಂದ ಮೂರನೇ ಮನೆ, ಭಾವ ಅನ್ನುತ್ತಿದ್ದೆವು. ಹೆಸರು ಇಲ್ಲಿ ಹಾಕುತ್ತಿಲ್ಲ, ಕೇಸು ಇನ್ನೂ ನಡೆದಿದೆ, ಅಕ್ಕ ಬೇಡ ಅಂದಿದ್ದಾಳೆ. ಮೋರಿ ಕಟ್ಟಿದೆ ಬಾ ಅಂತ ಬೆಳಿಗ್ಗೆ ಫೋನು ಬಂತು, ಮಧ್ಯಾಹ್ನ ಹೆಣ ಬಂತು. ಮಲ ಬಳಿಸುವುದನ್ನು ನಿಲ್ಲಿಸಲು 1993ರಲ್ಲಿ ಒಂದು ಕಾಯಿದೆ ಬಂತು, 2013ರಲ್ಲಿ ಇನ್ನೊಂದು. ಗುಂಡಿಯಲ್ಲಿ ಸತ್ತವರ ಮನೆಗೆ 10 ಲಕ್ಷ ಕೊಡಿ ಅಂತ ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು, 2023ರಲ್ಲಿ ಅದನ್ನು 30 ಲಕ್ಷ ಮಾಡಿತು. ಕಾಗದದ ಮೇಲೆ ನಮ್ಮ ಹೆಣದ ಬೆಲೆ ಏರುತ್ತಲೇ ಇದೆ. ಇಳಿಸಿದ ಕಂಟ್ರಾಕ್ಟರನು, ನಾನು ಇಳಿ ಅನ್ನಲಿಲ್ಲ, ಅವನೇ ಇಳಿದ ಅಂತ ಬರೆದುಕೊಟ್ಟ.

ನಾವು ಆ ರಾತ್ರಿಯೇ ಪದ್ಯ ಬರೆದೆವು. ಸುಳ್ಳು ಹೇಳಬಾರದು, ಅಳುತ್ತಲೇ ಬರೆದೆವು. ನಾವೇ ಇಳಿದೆವು, ನಾವೇ ಸತ್ತೆವು ಅಂತ ಅದರ ಪಲ್ಲವಿ. ಒಂದು ಕವಿಗೋಷ್ಠಿಯಲ್ಲಿ ಓದಿದೆವು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಬುಟ್ಟಿಯನ್ನು ಅಕ್ಕನ ಮಕ್ಕಳಿಗೆ ಕೊಡೋಣ ಅಂತ ಹೋಗಿ, ಪದ್ಯವನ್ನೂ ಓದಿ ಹೇಳಿದೆವು. ಅಕ್ಕ ಕೊನೆಯವರೆಗೂ ಕೇಳಿದಳು.

"ನೀನೆಲ್ಲಿ ಸತ್ತಿದ್ದೀಯಪ್ಪ? ನೀನು ಅವತ್ತು ಮೈಸೂರ್ನಲ್ಲಿದ್ದೆ. ಸತ್ತವ್ನು ನಮ್ಮನೆಯವ್ನು."

ಬೈಗುಳದ ದನಿ ಆಗಿರಲಿಲ್ಲ. ಲೆಕ್ಕ ತಪ್ಪಿದ್ದನ್ನು ತಿದ್ದುವ ದನಿ. ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು: "ಅದ್ರಲ್ಲಿ ಅವ್ನ ಹೆಸ್ರು ಎಲ್ಲೈತೆ?"

ಇರಲಿಲ್ಲ. ಗುಂಡಿ ಇತ್ತು, ಕತ್ತಲೆ ಇತ್ತು, ಮನು ಇದ್ದ, ಮೂರು ಸಾವಿರ ವರ್ಷ ಇತ್ತು. ಭಾವ ಇರಲಿಲ್ಲ. ನಾವು ಅವನನ್ನು ಸೌದೆ ಹೊತ್ತ ಹೆಂಗಸನ್ನಾಗಿ ಮಾಡಿದ್ದೆವು. ಚಿನ್ನದ ಬೆವರಿನ ಬದಲು ಕಪ್ಪು ಕತ್ತಲೆ ಹಚ್ಚಿದ್ದೆವು, ಅಷ್ಟೇ ವ್ಯತ್ಯಾಸ. ಮೂರನೇ ಮನೆಯಲ್ಲೇ ಇದ್ದು, ಅವನ ಜೊತೆ ಉಂಡು, ಅವನ ಸೈಕಲ್ಲಿನ ಹಿಂದೆ ಕುಂತು ಶಾಲೆಗೆ ಹೋಗಿ, ಹೂಪರ್ ಮಾಡಿದ್ದನ್ನೇ ಮಾಡಿದ್ದೆವು. ಪಕ್ಕದಲ್ಲಿ ಕುಂತಿದ್ದ ಮಾತ್ರಕ್ಕೆ ನೋಡಿದಂತಾಗಲಿಲ್ಲ. ಡಿಗ್ರಿ ಓದಿದ ಕಣ್ಣು ಯಾವಾಗ ಕೇರಿಯ ಹೊರಗೆ ಹೋಗಿ ನಿಂತಿತೋ ನಮಗೇ ತಿಳಿಯಲಿಲ್ಲ.

ಅಕ್ಕನಿಗೆ ಬೇಕಾಗಿದ್ದದ್ದು ಒಂದು ಫೋಟೋ. ಭಾವನ ಫೋಟೋ ಮನೆಯಲ್ಲಿ ಇರಲಿಲ್ಲ. ಮದುವೆಯ ಫೋಟೋ ಮಳೆಯಲ್ಲಿ ನೆನೆದು ಮುಖ ಕರಗಿಹೋಗಿತ್ತು. ಫೋನು ಅವನ ಜೊತೆ ಗುಂಡಿಗೆ ಬಿದ್ದಿತ್ತು. ಉಳಿದದ್ದು ಆಧಾರ್ ಕಾರ್ಡಿನ ಹೆಬ್ಬೆಟ್ಟಿನಷ್ಟು ಮುಖ. ಅದು ಗೊತ್ತಲ್ಲ, ಅದರಲ್ಲಿ ಎಲ್ಲರೂ ಒಂದೇ ಥರ ಇರುತ್ತಾರೆ, ಅಪರಾಧಿಗಳ ಥರ. ಅಣ್ಣ ಕಾರ್ಡನ್ನು ಇಸಕೊಂಡು ಬಂದ. ಪ್ಲೈವುಡ್ಡಿನ ಹಳೇ ಬೋರ್ಡೊಂದನ್ನು ಉಜ್ಜಿ ಬಿಳಿ ಹೊಡೆದ. ಕಾರ್ಡಿನ ಮೇಲೆ ಪ್ಲಾಸ್ಟಿಕ್ ಹಾಳೆ ಇಟ್ಟು ಸಣ್ಣ ಚೌಕ ಎಳೆದ, ಬೋರ್ಡಿನ ಮೇಲೆ ದೊಡ್ಡ ಚೌಕ ಎಳೆದ, ಒಂದೊಂದು ಚೌಕವನ್ನಾಗಿ ಮುಖ ತುಂಬಿದ.

ನಮಗೆ ಬಾಯಿ ಸುಮ್ಮನಿರಲಿಲ್ಲ. "ಹಿಂದೆ ಗುಂಡಿ ಬರಿ ಅಣ್ಣ, ಕತ್ತಲೆ ಬರಿ. ನೋಡಿದವರಿಗೆ ಗೊತ್ತಾಗಬೇಕು" ಅಂದೆವು.

ಅಕ್ಕ ಅಲ್ಲೇ ಕುಂತಿದ್ದಳು. "ಗುಂಡಿ ಬ್ಯಾಡ. ಅದ್ನ ಪೇಪರ್ನೋರು ಹಾಕವ್ರೆ. ಬಿಳಿ ಸಲ್ಟು ಬರಿಯಪ್ಪ, ನಮ್ಮ ಮದ್ವೇಲಿ ಹಾಕಿದ್ದದ್ದು."

ಅಣ್ಣ ಬಿಳಿ ಶರ್ಟು ಬರೆದ. ಬಿಳಿ ಬೋರ್ಡಿನ ಮೇಲೆ ಬಿಳಿ ಶರ್ಟು ಬರೆಯೋದು ಸುಲಭವಲ್ಲ, ನೆರಳಿಗೆ ಚೂರು ನೀಲಿ ಬೆರೆಸಿದ. ಅಕ್ಕ ಮೂರು ಸಂಜೆ ಬಂದು ಕುಂತಳು. ಮೂರು ಸಂಜೆಯೂ ತಿದ್ದಿಸಿದಳು. "ಮೀಸೆ ಅಷ್ಟು ದಪ್ಪ ಇರ್ನಿಲ್ಲ." ಟರ್ಪೆಂಟೈನಿನ ಬಟ್ಟೆಯಲ್ಲಿ ಒರೆಸಿ ಮತ್ತೆ ಬರೆದ. "ಎಡಗಿವಿ ಹಂಗಿರ್ನಿಲ್ಲ ಕನಪ್ಪ, ಚೂರು ಮುಂದ್ಕಿತ್ತು, ನಾನು ರೇಗುಸ್ತಿದ್ದೆ." ಕಿವಿಯನ್ನು ಎರಡು ಸಲ ಅಳಿಸಿದ. ಮೂರನೇ ಸಂಜೆ ಕಣ್ಣಿಗೆ ಬಿಳಿ ಚುಕ್ಕೆ ಇಟ್ಟಾಗ ಅಕ್ಕ ಏನೂ ಹೇಳಲಿಲ್ಲ. ಸೆರಗು ಬಾಯಿಗಿಟ್ಟುಕೊಂಡು ತುಂಬಾ ಹೊತ್ತು ನೋಡಿದಳು. ಕಿರಿಮಗ ಬಂದು "ಅಪ್ಪ" ಅಂದ.

ಭಾವ ಚೆಲುವಾಗಿದ್ದ. ಅದು ನಮಗೆ ಗೊತ್ತೇ ಇರಲಿಲ್ಲ.

ಕೊನೆಗೆ ಹೆಸರು. ಅಣ್ಣ ಕೆಳಗೆ ಜಾಗ ಬಿಟ್ಟಿದ್ದ. ಹೆಸರು ಬರೆದ, ಊರು ಬರೆದ, ಹುಟ್ಟಿದ ವರ್ಷ ಬರೆದ. ಸತ್ತ ದಿನ ಬರೆಯೋಕೆ ಮುಂಚೆ ನಮ್ಮನ್ನು ಕೇಳಿದ: "'ತೀರಿಕೊಂಡರು' ಅಂತ ಹಾಕ್ಲಾ? ನೀನು ಓದ್ದೋನಲ್ವ, ಹೇಳು."

ನಾವು ಬಾಯಿ ತೆಗೆಯೋಕೆ ಮುಂಚೆ ಅಕ್ಕ ಅಂದಳು: "ತೀರ್ಕಂಡ್ರು ಅಂತ ಬರೀಬ್ಯಾಡ. ಕಾಯ್ಲೆಬಿದ್ದು ತೀರ್ಕಂಡ್ನಾ ಅವ್ನು? ಯಾರು ಕರ್ದ್ರು, ಎಲ್ಲಿಗೆ ಇಳ್ಸಿದ್ರು, ಎಷ್ಟೊತ್ಗೆ, ಎಲ್ಲಾ ಬರಿ."

ಅಷ್ಟಕ್ಕೆ ಜಾಗ ಸಾಲದು. ಬರೆದ ಸಾಲುಗಳನ್ನು ಒರೆಸಿ, ಅಕ್ಷರ ಸಣ್ಣದು ಮಾಡಿ, ಗೆರೆ ಮತ್ತೆ ಹಾಕಬೇಕಾಯಿತು. ಅಣ್ಣ ದಾರಕ್ಕೆ ಸೀಮೆಸುಣ್ಣ ಉಜ್ಜಿದ. ಒಂದು ತುದಿ ಅಕ್ಕ ಹಿಡಿದಳು, ಇನ್ನೊಂದು ತುದಿ ನಾವು ಹಿಡಿದೆವು. "ಬಿಗಿಯಾಗಿ ಹಿಡ್ಕೊ, ಅಲ್ಲಾಡಿಸ್ಬ್ಯಾಡ" ಅಂತ ನಮ್ಮನ್ನು ಗದರಿಸಿ, ನಡುವೆ ದಾರ ಮೀಟಿದ.